ಪಾಣಿ ಆಲಂ

ನಮ್ಮ ಕಚೇರಿಯಲ್ಲಿ ಪ್ರತಿವರ್ಷ ಏಪ್ರಿಲ್ ತಿಂಗಳ ಒಂದು ದಿನ ಅಪಾಯದ ಗಂಟೆ ಬಾರಿಸುತ್ತಾರೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಸಿಡಿಮದ್ದು ತುಂಬಿದ್ದ ಹಡಗೊಂದು ಸ್ಫೋಟಿಸಿ, ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರು ಅನೇಕರು ಮಡಿದರು. ಅವರ ನೆನಪಿಗಾಗಿ ದೇಶದಾದ್ಯಂತ ನಡೆಯುವ ಸಪ್ತಾಹ ಅದು. (14ನೇ ತಾರೀಖು ಅಂಬೇಡ್ಕರ್ ಜಯಂತಿಯ ರಜೆ. ಹಾಗಾಗಿ ಕೇಂದ್ರ ಸರಕಾರದ ಕಚೇರಿಗೆ ಬೆಂಕಿ ಬೀಳುವುದು 15ರ ನಂತರವೇ!) ಗಂಟೆ ಕೇಳಿದೊಡನೆ ಲಿಫ್ಟು ಬಿಟ್ಟು ಮೆಟ್ಟಿಲಿಳಿದು ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು, ತಲೆ ಎಣಿಸಬೇಕು. ಗಂಡ-ಹೆಂಡಿರಾದ ನಾವಿಬ್ಬರೂ ಅದೇ ಕಚೇರಿಯ ಗುಮಾಸ್ತರು. ನಮ್ಮಲ್ಲೊಬ್ಬರು ಬಿ.ಎಸ್ಸಿ. ಓದಿದವರು ಎಂಬ ಒಂದೇ ಕಾರಣಕ್ಕೆ ಮೂರನೆಯ ಮಹಡಿಯ ಎಣಿಕೆ ನಮ್ಮ ಪಾಲಿಗೆ ಬಂದಿದೆ. ಸಹೋದ್ಯೋಗಿಗಳು ಊಟದ ಡಬ್ಬಿ ಹಿಡಿದುಕೊಂಡು, ನಗುತ್ತಾ ಇಳಿಯುತ್ತಾರೆ. ಒಬ್ಬರು ಕ್ಯಾಂಟೀನಿನಲ್ಲೇ ಉಳಿದು ಲೆಕ್ಕ ತಪ್ಪಿಸುತ್ತಾರೆ. ಅವರನ್ನು ಕರೆತರುವ ತನಕ ನಾವು ಪಟ್ಟಿಗೆ ಸಹಿ ಹಾಕುವುದಿಲ್ಲ. ಇದಕ್ಕಾಗಿ ನಮಗೆ ಒಂದು ಅಡ್ಡಹೆಸರೂ ಇದೆ. ಅದು ಇಲ್ಲಿ ಬೇಡ.

ನಮಗೆ ನಗು ಬಾರದಿರುವುದಕ್ಕೆ ಕಾರಣ 2005ರ ಜುಲೈ 26.

ಆಗ ಮದುವೆಯಾಗಿ ಒಂದು ವರ್ಷವಾಗಿತ್ತು. ಕಲಿನಾದ ಚಾಳೊಂದರ ನೆಲಮಹಡಿಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಗದಗಿನಿಂದ ಅವ್ವ ಬಂದು ಎರಡು ತಿಂಗಳಾಗಿತ್ತಷ್ಟೆ. ದಿನವೂ ಕೆಲಸಕ್ಕೆ ಹೊರಡುವಾಗ, "ಯಾರ ಬಂದ್ರೂ ಬಾಗಲಾ ತಗೀಬ್ಯಾಡವ್ವಾ, ನಾವ ಬಂದ ಮ್ಯಾಲೆ ತಗಿ" ಎಂದು ಹೇಳಿ ಹೋಗುತ್ತಿದ್ದೆವು. ಊರಿಗೆ ಹೊಸಬಳು, ಭಾಷೆ ಬಾರದು. ನಮ್ಮ ಮಟ್ಟಿಗೆ ಅದೇ ಸುರಕ್ಷತೆಯ ನಿಯಮ.

ಆ ಮಧ್ಯಾಹ್ನ ಕೋಟೆ ಭಾಗದ ನಮ್ಮ ಕಚೇರಿಯ ಕಿಟಕಿಯಾಚೆ ಜುಲೈನಲ್ಲಿ ಸುರಿಯುವಂಥದೇ ಮಳೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ 24 ಗಂಟೆಗಳಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್, ಸಾಂತಾಕ್ರೂಜ್‌ನಲ್ಲಿ 944 ಎಂದು ಆಮೇಲೆ ತಿಳಿಯಿತು. ನಮ್ಮ ಗದಗಿನಲ್ಲಿ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಅಷ್ಟು ಮಳೆಯಿಲ್ಲ. ಒಂದೇ ಊರಿನ ಎರಡು ತುದಿಗಳು; ಈ ತುದಿಗೆ ಆ ತುದಿಯ ಸುದ್ದಿಯೇ ಇಲ್ಲ. ಸಂಜೆ ಎಂದಿನಂತೆ ಸಹಿ ಹಾಕಿ ಹೊರಬಿದ್ದರೆ ರೈಲು ನಿಂತಿತ್ತು, ಫೋನು ಸತ್ತಿತ್ತು. ನಡೆದೆವು. ದಾದರಿನಲ್ಲಿ ಸೊಂಟದ ಮಟ್ಟದ ನೀರು. ನಿಂತಲ್ಲೇ ನಿಂತಿದ್ದ ಬೆಸ್ಟ್ ಬಸ್ಸೊಂದರಲ್ಲಿ ರಾತ್ರಿ ಕಳೆದೆವು. ಯಾರೋ ಪುಣ್ಯಾತ್ಮರು ಕಿಟಕಿಯಿಂದ ಬಿಸ್ಕತ್ತು ಕೊಟ್ಟರು. ಆ ರಾತ್ರಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಆ ಬಾಗಿಲು.

ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಕೋಣೆಯಲ್ಲಿ ಮೊಳಕಾಲುದ್ದ ಕೆಸರು, ಗೋಡೆಯ ಮೇಲೆ ನಮ್ಮ ಎದೆಯ ಎತ್ತರಕ್ಕೆ ನೀರಿನ ಗೆರೆ. ಅವ್ವ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬ ತಾಯಿಯ ಮನೆಯಲ್ಲಿ ಅವರ ಸೀರೆಯುಟ್ಟು ಗಂಜಿ ಉಣ್ಣುತ್ತಿದ್ದಳು.

ನಡೆದದ್ದು ಇಷ್ಟು. ಆ ಚಾಳಿನಲ್ಲಿ ನಳದ ನೀರು ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಬಂದೊಡನೆ ಹುಡುಗರು ಓಣಿಯುದ್ದಕ್ಕೂ "ಪಾಣಿ ಆಲಂ, ಪಾಣಿ ಆಲಂ" ಎಂದು ಕೂಗುತ್ತಿದ್ದರು. ಎರಡು ತಿಂಗಳಲ್ಲಿ ಅವ್ವ ಕಲಿತಿದ್ದ ಮರಾಠಿ ಅಷ್ಟೇ. ಅಂದು ಸಂಜೆಯೂ ಹುಡುಗರು ಬಾಗಿಲು ಬಡಿದು ಅದನ್ನೇ ಕೂಗಿದರು. ಅವ್ವ ಒಳಗಿನಿಂದಲೇ, "ನಮ್ಮ ಕೊಡಾ ತುಂಬ್ಯಾವಪ್ಪಾ" ಎಂದಳು. ಹೊಸ್ತಿಲು ದಾಟಿ ನೀರು ಒಳಬಂದಾಗ ಮಂಚದ ಮೇಲೆ ಹತ್ತಿ ಕೂತಳು. ಹುಡುಗರು ಮತ್ತೆ ಬಂದು ಬಾಗಿಲಿಗೆ ಒದ್ದರು. ಒದ್ದಷ್ಟೂ ಅವಳಿಗೆ ಕಳ್ಳರೆಂಬ ಹೆದರಿಕೆ. ಅಗುಳಿಗೆ ಅಡ್ಡವಾಗಿ ಒನಕೆಯನ್ನೂ ಇಟ್ಟಳು. ಕಡೆಗೆ ಮೇಲಿನ ಮನೆಯ ತಾಯಿ ಮೆಟ್ಟಿಲ ಮೇಲೆ ನಿಂತು, "ಅಮ್ಮಾ, ಬಾಗಿಲು ತೆಗೆಯಿರಿ ಮಾರಾಯ್ರೆ, ನೀರು ಏರ್ತಾ ಉಂಟು!" ಎಂದು ಕೂಗಿದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಒನಕೆ ಕೆಳಗಿಳಿಯಿತು. ಅವಳನ್ನು ಹೆಗಲ ಮೇಲೆ ಹೊತ್ತು ಮೇಲೇರಿಸಿದವರು ಬಾಗಿಲು ಒದ್ದ ಹುಡುಗರೇ. ಆ ಒಂದು ಮಳೆಗೆ ಮುಂಬಯಿಯಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಆ ಲೆಕ್ಕಕ್ಕೆ ಇನ್ನೊಂದು ಸೇರಲಿಲ್ಲ ಎಂಬುದಷ್ಟೇ. ಆಕೆಯನ್ನು ಒಳಗೆ ಕೂಡಿಹಾಕಿದ್ದು ಮಳೆಯಲ್ಲ, ನಮ್ಮ ನಿಯಮ.

ಆಮೇಲೆ ನಗರ ಬಹಳ ಕಲಿತಿತು. 2005ರ ಡಿಸೆಂಬರಿನಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯಿದೆಯನ್ನು ಒಪ್ಪಿತು. ಮಾಧವ ಚಿತಳೆಯವರ ಸಮಿತಿ ಮೀಠಿ ನದಿಯ ದುರವಸ್ಥೆಯನ್ನು ತೆರೆದಿಟ್ಟಿತು. ಪಾಲಿಕೆ ಊರಿನ ನಾನಾ ಕಡೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುವಂತೆ ಮಾಡಿತು. ಕೋಟೆಗೆ ಕಲಿನಾದ ಸುದ್ದಿ ತಿಳಿಯುವಂತಾದದ್ದು ಹಾಗೆ. 1916 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲು ರಾತ್ರಿ ಉತ್ತರಿಸುವವರಿದ್ದಾರೆ. ಸಮುದ್ರದ ಭರತಿ ನಾಲ್ಕೂವರೆ ಮೀಟರ್ ಮೀರುವ ದಿನಗಳ ಪಟ್ಟಿ ಮಳೆಗಾಲಕ್ಕೆ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ನೀರು ನಿಲ್ಲುವುದು ನಿಂತಿಲ್ಲ, ಅದು ಬೇರೆ ಮಾತು.

ಇದೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿಸಿದ್ದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರತಂದ ಒಂದು ಮಾರ್ಗಸೂಚಿ. ಇದರ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. 1970ರಲ್ಲಿ ಅಲ್ಲಿ ಕಾಡ್ಗಿಚ್ಚು ಎದ್ದಾಗ ಹತ್ತಾರು ದಳಗಳು ಓಡಿಬಂದವು. ಆದರೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳದು, ಒಬ್ಬರ ಶಬ್ದ ಇನ್ನೊಬ್ಬರಿಗೆ ತಿಳಿಯದು, ಯಾರ ಮಾತು ಯಾರು ಕೇಳಬೇಕೆಂಬುದೂ ಗೊತ್ತಿಲ್ಲ. ಆ ಪೇಚಾಟದಿಂದ ಹುಟ್ಟಿದ ಪದ್ಧತಿ ಇದು. ಪೊಲೀಸರು, ಅಗ್ನಿಶಾಮಕದವರು, ಪಾಲಿಕೆಯವರು ಯಾರೇ ಬರಲಿ, ಕೆಲಸಗಳ ಹೆಸರು ಎಲ್ಲರಿಗೂ ಒಂದೇ. ಒಬ್ಬನಿಗೆ ಒಬ್ಬನೇ ಮೇಲಧಿಕಾರಿ. ಗುಪ್ತ ಸಂಕೇತಗಳ ಬದಲು ಎಲ್ಲರಿಗೂ ತಿಳಿಯುವ ಸರಳ ಮಾತು. ಐದು ಮೇಜು ದಾಟದೆ ಯಾವ ಫೈಲೂ ಮೇಲೇಳದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನಮಗೆ ಎರಡನೆಯ ಮಾತು ಅಮೃತದಂತೆ ಕೇಳಿಸಿತು. ಮೂರನೆಯದನ್ನು ಓದಿದಾಗ ನೆನಪಾದದ್ದು ಅವ್ವನ ಒನಕೆ.

ಆದರೆ ಈ ಸರಳ ಮಾತು ಯಾವ ಭಾಷೆಯದು? ಧ್ವನಿವರ್ಧಕದಲ್ಲಿ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ. ಅದು ಸರಿಯೇ, ಊರು ಅವರದು, ನಾವು ದೂರುವುದಿಲ್ಲ. ಹಗಲು ಹೊತ್ತು ಬೀಗದೊಳಗೆ ಉಳಿಯುವ ಮುದುಕ-ಮುದುಕಿಯರ ಲೆಕ್ಕ ಇಡಬೇಕಾದವರು ಅವರನ್ನು ಕರೆತಂದ ನಾವೇ.

ಈಗ ನಾವಿರುವ ಸರಕಾರಿ ವಸತಿಗೃಹದಲ್ಲಿ ಮಳೆಗಾಲದ ಮೊದಲು ಮನೆಮನೆಯ ಪಟ್ಟಿ ಮಾಡುತ್ತೇವೆ. ಹೆಸರು, ವಯಸ್ಸು, ನಡೆಯಬಲ್ಲರೋ ಇಲ್ಲವೋ, ಹಗಲು ಒಬ್ಬರೇ ಇರುವರೋ ಎಂಬುದರ ಜೊತೆಗೆ ನಾವು ಇನ್ನೊಂದು ಕಾಲಂ ಎಳೆದೆವು: ಯಾವ ಭಾಷೆಯಲ್ಲಿ ಕರೆದರೆ ಬಾಗಿಲು ತೆಗೆಯುತ್ತಾರೆ? ಸಭೆಯಲ್ಲಿ ಒಬ್ಬರು, "ಇದೇನು ಜನಗಣತಿಯೇ?" ಎಂದು ನಕ್ಕರು. ಅಂದೇ ರಾತ್ರಿ ಎದುರು ಮನೆಯ ಒಡಿಶಾದವರು ಬಂದು ತಮ್ಮ ತಂದೆಯ ಹೆಸರನ್ನು ಮೆಲ್ಲಗೆ ಬರೆಸಿ ಹೋದರು. ಆಮೇಲೆ ತಮಿಳರ ಅಜ್ಜಿ. ನಕ್ಕವರ ಅತ್ತೆಗೂ ಕೊಂಕಣಿ ಬಿಟ್ಟು ಬೇರೆ ತಿಳಿಯದಂತೆ. ಪಟ್ಟಿಯಲ್ಲಿ ಈಗ ಆರು ಭಾಷೆಗಳಿವೆ. ಪ್ರತಿಯೊಂದರ ಮುಂದೆ, ಹಗಲು ಮನೆಯಲ್ಲಿರುವ, ಆ ಭಾಷೆ ಬಲ್ಲ ನೆರೆಯವರ ಹೆಸರು.

ಅವ್ವನಿಗೆ ಈಗ ಎಂಬತ್ತು ದಾಟಿದೆ. ನಾವಿರುವುದು ಎರಡನೆಯ ಮಹಡಿಯಾದರೂ ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಆಕೆ ಔಷಧಿ, ಆಧಾರ್ ಕಾರ್ಡು, ಒಂದು ಸೀರೆ ಇರುವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಮರಾಠಿ ಬೇಕಾದಷ್ಟು ಬರುತ್ತದೆ. ಆದರೂ ಕೆಳಗೆ ಯಾರಾದರೂ "ಪಾಣಿ ಆಲಂ" ಎಂದು ಕೂಗಿದರೆ ಕಿಟಕಿಗೆ ಬಂದು ಕನ್ನಡದಲ್ಲೇ ಕೇಳುತ್ತಾಳೆ: "ಯಾವದಪಾ, ನಳದ್ದೋ, ಮಳೀದೋ?"