ಡಬ್ಬಿಯ ವ್ಯಾಟು, ಬೈಕಿನ ಕರೆಂಟು

ಅಪ್ಪ ರಾತ್ರಿ ಹೊನ್ನಾವರದಿಂದ ಮಾವಿನಕುರ್ವೆಗೆ ಬೈಕಲ್ಲೇ ಬರೋದು. ಮಳೆಗಾಲದಲ್ಲಿ ಹೆಡ್‌ಲೈಟ್ ಸಾಲೋದಿಲ್ಲ ಅಂತ ಎರಡು ಎಲ್‌ಇಡಿ ಲೈಟ್ ತಂದಿಟ್ಟಿದ್ದರು. ನಾನು ಊರಿಗೆ ಹೋದ ಕೂಡಲೇ ಕೇಳಿದ್ದು ಒಂದೇ: "ತಮಾ, ಬ್ಯಾಟ್ರಿ ತಡೀತದಾ?"

ಡಬ್ಬಿ ಮೇಲೆ ತಲಾ 40 ವ್ಯಾಟ್ ಅಂತಿತ್ತು. ಎರಡಕ್ಕೆ 80. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 6.7 ಆಂಪಿಯರ್! ಅಪ್ಪನ ಬೈಕಿನ 35 ವ್ಯಾಟ್ ಹೆಡ್‌ಲೈಟ್ ಎಳೆಯೋದೇ ಸುಮಾರು 3. ಮೇಲಾಗಿ 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸಲಿಕ್ಕೂ ಆಗೋದಿಲ್ಲ. ಮಳೇಲಿ ದಾರಿ ಮಧ್ಯೆ ಸೆಲ್ಫ್ ಹೊಡೀದೆ ನಿಂತರೆ?

ಮಲ್ಟಿಮೀಟರಿನ 10 ಆಂಪಿಯರ್ ಕಿಂಡಿಗೆ ವೈರ್ ಹಾಕಿ, ಲೈಟಿನ ದಾರಿಯಲ್ಲೇ ಸೇರಿಸಿ ಅಳೆದೆ. 12.5 ವೋಲ್ಟಿಗೆ ಎರಡೂ ಸೇರಿ 2.8. ಅಂದರೆ ಬರೀ 35 ವ್ಯಾಟ್. ಡಬ್ಬಿಯ ಸುಳ್ಳು ಈ ಸಲ ನಮಗೇ ಲಾಭ ಆಯ್ತು ಅನ್ನಿ.

ಆದರೂ ಹಾರ್ನಿನ ವೈರಿಗೆ ಗಂಟು ಹಾಕಲಿಲ್ಲ. ಬ್ಯಾಟರಿಯಿಂದ ಬೇರೆ ವೈರು, 5 ಆಂಪಿಯರ್ ಫ್ಯೂಸು, ರಿಲೇ. ಎಲ್ಲ ಹಚ್ಚಿ ಎಂಜಿನ್ ಓಡಿಸಿದರೆ ಬ್ಯಾಟರಿಯಲ್ಲಿ 13.6 ವೋಲ್ಟ್, ಆಕ್ಸಿಲರೇಟರ್ ಬಿಟ್ಟರೆ 12.3ಕ್ಕೆ ಇಳೀತು.

"ಗಾಡಿ ನಿಂತಾಗ ಆರಿಸಿ" ಅಂದೆ.

"ನಿಂತು ಮಾತಾಡೂಕೆ ಲೈಟ್ ಎಂತಕ್ಕಾ?" ಅಂತ ಅಪ್ಪ ಸ್ಪ್ಯಾನರ್ ತಗೊಂಡು, ಎದುರು ಬರುವವರ ಕಣ್ಣಿಗೆ ಹೊಡೀದ ಹಾಗೆ ಲೈಟನ್ನು ಕೆಳಗೆ ಬಗ್ಗಿಸಿದರು.