ಜೂನ್ 1ರ ಲೆಕ್ಕ

ಅಟ್ಲಾಂಟಿಕ್ ಕಡೆಯ ಹರಿಕೇನ್ ಋತು ಶುರುವಾಗುವುದು ಜೂನ್ 1ಕ್ಕೆ. ಮುಗಿಯುವುದು ನವೆಂಬರ್ 30ಕ್ಕೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ 61 ದಿನ ನಿಷೇಧ ಜಾರಿಯಾಗುವುದೂ ಜೂನ್ 1ಕ್ಕೇ. ಭೂಮಿಯ ಎರಡು ಬದಿಯಲ್ಲಿ ಒಂದೇ ದಿನ ದೋಣಿಗಳವರು ಆಕಾಶ ನೋಡುತ್ತಾರೆ. ಗಂಗೊಳ್ಳಿಯ ಬಂದರಿನಲ್ಲಿ ಆ ಹೊತ್ತಿಗೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಬಲೆಗಳು ದುರಸ್ತಿಗೆ ಹೋಗಿರುತ್ತವೆ. ಫ್ಲಾರಿಡಾದ ನೈರುತ್ಯ ದಡದಲ್ಲಿ, ಕಲೂಸಹಾಚಿ ಎಂಬ ನದಿಯ ಪಕ್ಕ, ನನ್ನ ಮೇಜಿನ ಮೇಲೆ ವಿಮೆಯ ಪ್ರಮಾಣಪತ್ರಗಳು ಬಂದು ಬೀಳುತ್ತವೆ.

ನಾನು ಒಂದು ಮರೀನಾದಲ್ಲಿ ಲೆಕ್ಕ ಬರೆಯುತ್ತೇನೆ. ಮರೀನಾ ಅಂದರೆ ದೋಣಿಗಳ ಪಾರ್ಕಿಂಗ್ ಜಾಗ ಎಂದು ಊರಿನಲ್ಲಿ ಹೇಳಿದ್ದೇನೆ, ಅಷ್ಟು ಸಾಕು. ನೀರಿನೊಳಕ್ಕೆ ಚಾಚಿದ ಡಾಕ್‌ಗಳು, ಡಾಕ್‌ಗಳ ಎರಡೂ ಬದಿಗೆ ಸ್ಲಿಪ್ ಎಂದು ಕರೆಯುವ ಜಾಗಗಳು, ಒಂದೊಂದು ಸ್ಲಿಪ್ಪಿಗೆ ಒಂದೊಂದು ನಂಬರು. ಇಲ್ಲಿ ಜನರ ಹೆಸರಿಗಿಂತ ನಂಬರು ಬೇಗ ನೆನಪಾಗುತ್ತದೆ. ‘ಎ-4ರಲ್ಲಿ ನೀರಿನ ಪೈಪು ಸೋರುತ್ತಿದೆ’, ‘ಸಿ-9 ಬಾಡಿಗೆ ಕೊಟ್ಟಿಲ್ಲ’ ಎಂದೇ ನಮ್ಮ ಮಾತು. ನಾನೀಗ ಹೇಳಹೊರಟಿರುವುದು ಬಿ-17ರ ವಿಷಯ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಏಕೆಂದರೆ ಈ ಕತೆಯಲ್ಲಿ ಲೆಕ್ಕವೇ ಮುಖ್ಯ ಪಾತ್ರ. ಬಿ-17ರದ್ದು 30 ಅಡಿಯ ಹಾಯಿದೋಣಿ, 1981ರಲ್ಲಿ ಕಟ್ಟಿದ್ದು. ವಿಮೆಯ ಕಾಗದದಲ್ಲಿ ಅದರ ಬೆಲೆ 30,000 ಡಾಲರ್ ಎಂದು ಒಪ್ಪಂದವಾಗಿತ್ತು. 2021ರಲ್ಲಿ ಅವರು ಸ್ಲಿಪ್ಪಿಗೆ ಅಡಿಗೆ 14 ಡಾಲರ್‌ನಂತೆ ತಿಂಗಳಿಗೆ 420 ಡಾಲರ್ ಕೊಡುತ್ತಿದ್ದರು. ವಿಮೆಯ ಪ್ರೀಮಿಯಂ ವರ್ಷಕ್ಕೆ 900. ಎರಡೂ ಸೇರಿ ವರ್ಷಕ್ಕೆ ಆರು ಸಾವಿರದ ಒಳಗೆ. ನಿವೃತ್ತ ಶಾಲಾ ಮೇಷ್ಟರೊಬ್ಬರು ಪಿಂಚಣಿಯಲ್ಲಿ ತೂಗಿಸಬಹುದಾದ ಮೊತ್ತ. ಅವರು ತೂಗಿಸುತ್ತಿದ್ದರು.

2022ರ ಸೆಪ್ಟೆಂಬರ್ 28ರಂದು ಇಯಾನ್ ಬಂತು. ಗಂಟೆಗೆ 150 ಮೈಲಿ ವೇಗದ ಗಾಳಿಯೊಂದಿಗೆ ಕಾಯೊ ಕೋಸ್ಟಾ ದ್ವೀಪದ ಹತ್ತಿರ ದಡ ಹತ್ತಿತು. 2004ರಲ್ಲಿ ಚಾರ್ಲಿ ಎಂಬ ಚಂಡಮಾರುತ ದಡ ಹತ್ತಿದ್ದೂ ಅದೇ ದ್ವೀಪದಲ್ಲಿ. ಗಾಳಿಗಿಂತ ಹೆಚ್ಚು ಹಾಳು ಮಾಡಿದ್ದು ಗಾಳಿ ತಳ್ಳಿಕೊಂಡು ಬಂದ ಸಮುದ್ರ. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಮನೆಗಳು ಅಡಿಪಾಯ ಬಿಟ್ಟು ಹೋದವು, ಸಿಗಡಿ ಹಿಡಿಯುವ ದೊಡ್ಡ ದೊಡ್ಡ ಬೋಟುಗಳು ದಡದ ಮೇಲೆ ಒಂದರ ಮೇಲೊಂದು ಬಿದ್ದವು. ತೇಲುವ ಡಾಕ್‌ಗಳನ್ನು ಎತ್ತರದ ಕಂಬಗಳಿಗೆ ಬಳೆಯಂತೆ ಸಿಕ್ಕಿಸಿರುತ್ತಾರೆ, ನೀರು ಏರಿದಂತೆ ಡಾಕ್ ಕೂಡ ಏರಲಿ ಎಂದು. ನೀರು ಕಂಬದ ತುದಿಯನ್ನೇ ದಾಟಿದರೆ ಡಾಕ್ ಕಳಚಿಕೊಂಡು, ಕಟ್ಟಿದ ದೋಣಿಗಳ ಸಮೇತ ಹೊರಟುಬಿಡುತ್ತದೆ. ನಮ್ಮಲ್ಲಿ ಸಿ ಸಾಲಿಗೆ ಆದದ್ದು ಅದೇ.

ಬಿ-17ರ ದೋಣಿಗೆ ಏನೂ ಆಗಲಿಲ್ಲ, ಯಾಕೆಂದರೆ ಅದು ಅಲ್ಲಿರಲಿಲ್ಲ. ದಡ ಹತ್ತುವ ಮೂರು ದಿನ ಮೊದಲೇ, ಮುನ್ಸೂಚನೆಯ ನಕ್ಷೆಗಳೆಲ್ಲ ಇನ್ನೂ ಉತ್ತರಕ್ಕೆ, ಟ್ಯಾಂಪಾ ಕಡೆಗೆ ಬೆರಳು ತೋರಿಸುತ್ತಿದ್ದಾಗಲೇ, ಅವರು ಹಗ್ಗ ಬಿಚ್ಚಿ ನದಿಯಲ್ಲಿ ಮೇಲಕ್ಕೆ ಹೋಗಿದ್ದರು. ಈ ನದಿ ಓಕಿಚೋಬಿ ಸರೋವರದ ಮೂಲಕ ಫ್ಲಾರಿಡಾದ ಇನ್ನೊಂದು ಕಡಲಿನವರೆಗೆ ಜಲಮಾರ್ಗವಾಗಿದೆ. ನಡುವೆ ಐದು ಲಾಕ್‌ಗಳಿವೆ. ಬಿರುಗಾಳಿ ಹತ್ತಿರವಾದರೆ ಲಾಕ್‌ಗಳ ಬಾಗಿಲು ಮುಚ್ಚುತ್ತಾರೆ, ಆಮೇಲೆ ಹೊರಟವರು ಹೊರಟಲ್ಲೇ. ಹಾಗಾಗಿ ಹೋಗುವುದಾದರೆ ಬೇಗ ಹೋಗಬೇಕು. ಅವರು ಒಳನಾಡಿನ ಒಂದು ಯಾರ್ಡಿನಲ್ಲಿ ದೋಣಿಯನ್ನು ಮೇಲೆತ್ತಿಸಿ, ಹಾಯಿಗಳನ್ನೆಲ್ಲ ಬಿಚ್ಚಿ, ನೆಲಕ್ಕೆ ತಿರುಪು ಹಾಕಿದ ಕಬ್ಬಿಣದ ಗೂಟಗಳಿಗೆ ಪಟ್ಟಿಯಲ್ಲಿ ಬಿಗಿಸಿ, ಬಸ್ಸು ಹಿಡಿದು ಮಗಳ ಮನೆಗೆ ಹೋದರು. 2017ರಲ್ಲಿ ಇರ್ಮಾ ಬಂದಾಗಲೂ ಹೀಗೆಯೇ ಮಾಡಿದ್ದರು.

ಇಷ್ಟು ಜಾಗ್ರತೆಯ ಮನುಷ್ಯನಿಗೆ ವಿಮೆ ಅಗ್ಗವಾಗಬೇಕಲ್ಲವೇ? ಒಂದು ರೂಪಾಯಿ ಪರಿಹಾರ ಕೇಳದವರ ಪ್ರೀಮಿಯಂ ಮೂರು ಪಟ್ಟಾಯಿತು. 900 ಇದ್ದದ್ದು 2,900 ಡಾಲರ್. ಹೆಸರಿಟ್ಟ ಚಂಡಮಾರುತದಿಂದ ಹಾನಿಯಾದರೆ ಮಾಲೀಕರೇ ಹೊರಬೇಕಾದ ಪಾಲಿಗೆ ಡಿಡಕ್ಟಿಬಲ್ ಎನ್ನುತ್ತಾರೆ. ಅದು ಶೇ. 5ರಿಂದ ಶೇ. 15ಕ್ಕೆ ಏರಿತು. ಅಂದರೆ ದೋಣಿ ಪೂರ್ತಿ ಹೋದರೂ ಮೊದಲ 4,500 ಡಾಲರ್ ಅವರದೇ. ವಿಮೆ ಕಂಪನಿಯೂ ತನ್ನ ಮೇಲಿನ ಹೊರೆಗೆ ಮತ್ತೊಂದು ಕಂಪನಿಯಲ್ಲಿ ವಿಮೆ ಮಾಡಿಸಿರುತ್ತದೆ. ದೊಡ್ಡ ಚಂಡಮಾರುತವಾದ ಮೇಲೆ ಆ ಮೇಲಿನ ಕಂಪನಿಗಳು ದರ ಏರಿಸುತ್ತವೆ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ಡಾಕಿನ ತುದಿಯಲ್ಲಿ ಕಾಫಿ ಕುಡಿಯುತ್ತ ಕೂತವರ ಮೇಲೆ ಬೀಳುತ್ತದೆ. ಬೆಲೆ ಕಟ್ಟುವುದು ನಾವಿಕನಿಗಲ್ಲ, ನದಿಗೆ.

ನಾನೊಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಈ ಬೆಲೆಯನ್ನು ಹಿಂದುಮುಂದಾಗಿ ಓದಿ ನೋಡಿದೆ. ದೋಣಿ ಪೂರ್ತಿ ನಾಶವಾದರೆ ಕಂಪನಿ ಕೊಡುವುದು 25,500. ವರ್ಷಕ್ಕೆ ಪಡೆಯುವುದು 2,900. ಅಂದರೆ ಒಂಬತ್ತು ವರ್ಷದ ಕಂತಿಗೆ ಒಂದು ದೋಣಿ. ಕಂಪನಿಯ ಖರ್ಚು, ಲಾಭ, ಚಿಕ್ಕಪುಟ್ಟ ಅಪಘಾತಗಳನ್ನು ಕಳೆದು ಆ ಅವಧಿಯನ್ನು ಎರಡು ಪಟ್ಟು ಮಾಡಿದರೂ, ಒಂದು ತಲೆಮಾರಿನೊಳಗೆ ಇಲ್ಲಿನ ದೋಣಿಯೊಂದು ಇಲ್ಲವಾಗುತ್ತದೆ ಎಂದು ಯಾರೋ ದೂರದ ಕಚೇರಿಯಲ್ಲಿ ಕೂತು ನಂಬಿದ್ದಾರೆ ಎಂದಾಯಿತು. ಪ್ರೀಮಿಯಂ ಎನ್ನುವುದು ಒಂದು ಭವಿಷ್ಯವಾಣಿ. ಜ್ಯೋತಿಷಿಯದ್ದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇಲ್ಲಿ ಭವಿಷ್ಯ ಹೇಳಿದವರು ತಮ್ಮ ದುಡ್ಡನ್ನೂ ಪಣಕ್ಕಿಟ್ಟಿದ್ದಾರೆ.

ಇನ್ನು ಡಾಕಿನ ಬಾಡಿಗೆ. ಇಯಾನ್ ನಂತರ ಡಾಕ್‌ಗಳನ್ನು ಹೊಸದಾಗಿ ಕಟ್ಟಿದೆವು. ಕಂಬಗಳು ಮೊದಲಿಗಿಂತ ಎತ್ತರ, ಸ್ಲಿಪ್ಪುಗಳು ಮೊದಲಿಗಿಂತ ಉದ್ದ. ಬಿ-17 ಈಗ 40 ಅಡಿಯ ಸ್ಲಿಪ್ಪು. ದೋಣಿಯ ಉದ್ದ, ಸ್ಲಿಪ್ಪಿನ ಉದ್ದ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಅಡಿಗೆ 20 ಡಾಲರ್. ಹಾಗಾಗಿ 30 ಅಡಿಯ ದೋಣಿಗೆ ತಿಂಗಳಿಗೆ 800, ಅದರ ಮೇಲೆ ಮಾರಾಟ ತೆರಿಗೆ. ಹತ್ತು ಅಡಿ ಖಾಲಿ ನೀರಿಗೆ ಅವರು ತಿಂಗಳಿಗೆ 200 ಡಾಲರ್ ಕೊಟ್ಟರು. ತೆರಿಗೆ ಬಿಟ್ಟು ಬಾಡಿಗೆ ವರ್ಷಕ್ಕೆ 9,600, ಪ್ರೀಮಿಯಂ 2,900, ಒಳನಾಡಿನ ಯಾರ್ಡಿನಲ್ಲಿ ಜಾಗ ಕಾದಿರಿಸಲು 700, ಹಳೆಯ ದೋಣಿಯೆಂದು ಕಂಪನಿ ಕೇಳಿದ ಸರ್ವೇಯರ್ ವರದಿಗೆ 750. ಒಟ್ಟು 13,950. ದೋಣಿಯ ಬೆಲೆಯನ್ನು ಎರಡು ವರ್ಷ ಎರಡು ತಿಂಗಳಲ್ಲಿ ಅದನ್ನು ಸುಮ್ಮನೆ ಕಟ್ಟಿಹಾಕುವುದಕ್ಕೇ ಕೊಟ್ಟಂತೆ.

ಮರವಂತೆಯಲ್ಲಿರುವ ನನ್ನ ಮಾವನಿಗೆ ಗಂಗೊಳ್ಳಿಯ ಒಂದು ಬೋಟಿನಲ್ಲಿ ಪಾಲಿತ್ತು. ಫೋನಿನಲ್ಲಿ ಈ ಲೆಕ್ಕ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಷ್ಟ್ ದುಡ್ಡ್ ಕೊಟ್ಟ್ ಕಟ್ಟಿ ಹಾಕುದ್ ಎಂತಕ್ ಮರಾಯ್ತಿ? ಮೇಲೆ ಎಳ್ದ್ ಹಾಕುಕ್ ಆತಿಲ್ಯಾ?” ಎಂದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ನಾಡದೋಣಿಯನ್ನು ಹತ್ತಾಳು ಸೇರಿ ಮರಳಿನ ಮೇಲೆ ಎಳೆಯುತ್ತಾರೆ, ಗಾಳಿ ಕಳೆದ ಮೇಲೆ ಮತ್ತೆ ತಳ್ಳುತ್ತಾರೆ. ಇಲ್ಲಿ ಮೇಲೆಳೆಯುವುದಕ್ಕೂ ಕ್ರೇನು, ಯಾರ್ಡು, ಸರದಿ, ರಶೀದಿ. ಹರಿಕೇನ್ ವಾಚ್ ಎಂಬ ಮೊದಲ ಎಚ್ಚರಿಕೆ ಬಿರುಗಾಳಿ ಮುಟ್ಟುವ 48 ಗಂಟೆ ಮೊದಲು ಹೊರಡುತ್ತದೆ. ಆ 48 ಗಂಟೆಯಲ್ಲಿ ಒಂದು ಯಾರ್ಡಿನ ಕ್ರೇನು ಎಷ್ಟು ದೋಣಿ ಎತ್ತೀತು? ಅದಕ್ಕೇ ಯಾರ್ಡುಗಳು ವರ್ಷವಿಡೀ ಜಾಗಕ್ಕೆ ದುಡ್ಡು ಪಡೆಯುತ್ತವೆ. ಗಾಳಿ ಬರದ ವರ್ಷ ಆ ದುಡ್ಡು ಗಾಳಿಗೆ ಹೋದಂತೆ.

ಫ್ಲಾರಿಡಾದಲ್ಲಿ ಒಂದು ಕಾನೂನಿದೆ, ನನಗೆ ಅದು ಇಷ್ಟ. 1992ರ ಆಂಡ್ರ್ಯೂ ಚಂಡಮಾರುತದ ನಂತರದ ವರ್ಷಗಳಲ್ಲಿ ಬಂದದ್ದು. ಹರಿಕೇನ್ ವಾಚ್ ಅಥವಾ ವಾರ್ನಿಂಗ್ ಹೊರಬಿದ್ದ ಮೇಲೆ ‘ನಿಮ್ಮ ದೋಣಿ ತೆಗೆದುಕೊಂಡು ಹೊರಡಿ’ ಎಂದು ಮರೀನಾಗಳು ಸಾಮಾನ್ಯವಾಗಿ ಕಡ್ಡಾಯ ಮಾಡುವಂತಿಲ್ಲ. ಆಸ್ತಿಗಿಂತ ಜೀವ ಮೊದಲು ಎಂಬ ಕಾರಣವನ್ನು ಕಾನೂನೇ ಹೇಳುತ್ತದೆ. ದೋಣಿ ಉಳಿಸಲು ಹೋಗಿ ಮನುಷ್ಯ ಸಾಯಬಾರದು. ಆದರೆ ಬಿಸಿಲಿನ ಒಂದು ಸಾಧಾರಣ ದಿನ, ವಿಮೆಯ ಕಾಗದವಿಲ್ಲ ಎಂಬ ಕಾರಣಕ್ಕೆ ಹೊರಡಿ ಎನ್ನುವುದಕ್ಕೆ ಅಡ್ಡಿಯಿಲ್ಲ.

ದೋಣಿಗೆ ವಿಮೆ ಇರಲೇಬೇಕೆಂದು ರಾಜ್ಯದ ಕಾನೂನು ಹೇಳುವುದಿಲ್ಲ. ಹೇಳುವುದು ಸಾಲ ಕೊಟ್ಟ ಬ್ಯಾಂಕು, ಜಾಗ ಕೊಟ್ಟ ಮರೀನಾ. ನಮ್ಮಲ್ಲಿ 3 ಲಕ್ಷ ಡಾಲರಿನ ಹೊಣೆಗಾರಿಕೆಯ ವಿಮೆ ಬೇಕು, ಮುಳುಗಿದ ದೋಣಿಯನ್ನು ಮೇಲೆತ್ತುವ ಖರ್ಚೂ ಅದರಲ್ಲಿ ಸೇರಿರಬೇಕು. ನಮ್ಮ ಯಜಮಾನರು ಇದನ್ನು ಹಟಕ್ಕೆ ಮಾಡಿದ್ದಲ್ಲ. ಇಯಾನ್‌ನಲ್ಲಿ ಸಿ ಸಾಲಿನ ವಿಮೆಯಿಲ್ಲದ ಎರಡು ದೋಣಿಗಳು ನಮ್ಮ ನೀರಿನಲ್ಲೇ ಮುಳುಗಿದವು. ಮುಳುಗಾಳುಗಳ ಕೂಲಿ, ಕ್ರೇನಿನ ಬಾಡಿಗೆ, ಚೆಲ್ಲಿದ ಡೀಸೆಲ್ ಬಳಿದ ಖರ್ಚು ಎಲ್ಲ ನನ್ನ ಪುಸ್ತಕದಲ್ಲೇ ಇವೆ. ಒಬ್ಬ ಮಾಲೀಕರ ಫೋನು ಆವತ್ತಿನಿಂದ ಈವತ್ತಿನವರೆಗೂ ಎತ್ತಿಲ್ಲ. ವಿಮೆ ಇಲ್ಲದವನ ನಷ್ಟ ಮಾಯವಾಗುವುದಿಲ್ಲ, ಪಕ್ಕದವನ ಲೆಕ್ಕಕ್ಕೆ ಹೋಗುತ್ತದೆ ಅಷ್ಟೇ.

2024ರ ವಸಂತದಲ್ಲಿ ಬಿ-17ರ ಕಂಪನಿ ಪಾಲಿಸಿಯನ್ನು ನವೀಕರಿಸಲಿಲ್ಲ. 40 ವರ್ಷ ದಾಟಿದ ದೋಣಿಗಳನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂಬ ಒಂದು ಸಾಲಿನ ಪತ್ರ. 30 ದಿನದೊಳಗೆ ಹೊಸ ಪ್ರಮಾಣಪತ್ರ ತರಬೇಕು, ಇಲ್ಲವಾದರೆ ಸ್ಲಿಪ್ ಖಾಲಿ ಮಾಡಬೇಕು ಎಂಬ ನಮ್ಮ ಪತ್ರವನ್ನು ನಾನು ಟೈಪು ಮಾಡಿದೆ. ಪೋಸ್ಟಿಗೆ ಹಾಕಲಿಲ್ಲ, ಡಾಕಿಗೆ ನಡೆದುಕೊಂಡು ಹೋಗಿ ಕೈಗೆ ಕೊಟ್ಟೆ. ಅವರು ಓದಿ, ಮಡಚಿ, ಜೇಬಿಗಿಟ್ಟು, “ನೀನು ಬರಬೇಕಾಗಿರಲಿಲ್ಲ, ಆದರೂ ಬಂದದ್ದು ಒಳ್ಳೆಯದಾಯಿತು” ಎಂದರು.

ಆಮೇಲೆ ನಾಲ್ಕು ವಾರ ಅವರು ಫೋನು ಮಾಡಿದರು. ಕೆಲವರು ದೋಣಿಯ ವಯಸ್ಸು ಕೇಳಿ ಫೋನಿಟ್ಟರು. ಕೆಲವರು ಚಂಡಮಾರುತ ಒಂದನ್ನು ಬಿಟ್ಟು ಬೇರೆಲ್ಲಕ್ಕೂ ವಿಮೆ ಕೊಡುತ್ತೇವೆ ಎಂದರು. ಕೊಡೆ ಕೊಡುತ್ತೇವೆ, ಮಳೆಗಾಲದಲ್ಲಿ ಬಿಚ್ಚಬಾರದು ಎಂದ ಹಾಗೆ. ಒಬ್ಬರು, ಜೂನ್‌ನಿಂದ ನವೆಂಬರ್‌ವರೆಗೆ ದೋಣಿ ಫ್ಲಾರಿಡಾದ ಉತ್ತರದ ಗಡಿ ದಾಟಿ ಇದ್ದರೆ ಆಗಬಹುದು ಎಂದರು. ಎಪ್ಪತ್ತು ದಾಟಿದ ಒಂಟಿ ಮನುಷ್ಯ ವರ್ಷಕ್ಕೆರಡು ಸಲ ಸಮುದ್ರದಲ್ಲಿ ಅಷ್ಟು ದೂರ ಹೋಗಿ ಬರಬೇಕು. ಸ್ಲಿಪ್ ಬಿಟ್ಟು ನದಿಯಲ್ಲಿ ಲಂಗರು ಹಾಕಿಕೊಂಡು ಇರುವ ದಾರಿಯೂ ಇತ್ತು, ಹಲವರು ಹಾಗೆ ಮಾಡುತ್ತಾರೆ. ಅದನ್ನು ಅವರು ಮಾಡಲಿಲ್ಲ. “ಹಗ್ಗ ಹರಿದರೆ ನನ್ನ ದೋಣಿ ಬೇರೆಯವರ ದೋಣಿಗೆ ಹೋಗಿ ಹೊಡೆಯುತ್ತದೆ” ಎಂದರು.

ಮಾರಲು ನೋಡಿದರೆ ಅಲ್ಲೂ ಇದೇ ಗೋಡೆ. ಕೊಳ್ಳುವವರಿಗೂ ವಿಮೆ ಸಿಗಬೇಕಲ್ಲ. ಕಾಗದದ ಮೇಲೆ 30,000 ಬೆಲೆಯ ದೋಣಿ 7,000ಕ್ಕೆ ಹೋಯಿತು. ಕೊಂಡ ದಂಪತಿ ಅದನ್ನು ಲಾರಿಯಲ್ಲಿ ಉತ್ತರದ ಯಾವುದೋ ಸರೋವರಕ್ಕೆ ಒಯ್ದರು. ಆ ವರ್ಷ ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್. ಎರಡು ವಾರದ ಅಂತರದಲ್ಲಿ ಎರಡು ಸಲ ನಮ್ಮ ಕರಾವಳಿಗೆ ಸಮುದ್ರ ನುಗ್ಗಿತು. ದೂರದ ಕಚೇರಿಯವರ ಭವಿಷ್ಯವಾಣಿ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಈ ದಡದಲ್ಲಿ ದೋಣಿ ಇಡುವುದು ದುಬಾರಿಯಾಗಿದ್ದು ನಿಜವಾದ ಅಪಾಯಕ್ಕೇ. ಆದರೆ ದುಬಾರಿ ಎಂಬ ಮಾತು ಎಲ್ಲರಿಗೂ ಒಟ್ಟಿಗೆ ಕೇಳಿಸುವುದಿಲ್ಲ. ಬಿ-17ರಲ್ಲಿ ಈಗ 40 ಅಡಿಯ ಮೋಟಾರು ದೋಣಿಯಿದೆ. ಅದರ ಮಾಲೀಕರು ಬೇರೆ ರಾಜ್ಯದಲ್ಲಿರುತ್ತಾರೆ, ವರ್ಷಕ್ಕೆ ಎರಡು ಸಲ ಬರುತ್ತಾರೆ, ಪ್ರೀಮಿಯಂ ಬ್ಯಾಂಕಿನಿಂದ ತಾನೇ ಹೋಗುತ್ತದೆ. ಚಂಡಮಾರುತ ಬಂದರೆ ಅದು ಇದ್ದಲ್ಲೇ ಇರುತ್ತದೆ. ಹಗ್ಗ ನೋಡಿ ಗೊತ್ತಿದ್ದವರು, ಆಕಾಶ ನೋಡಿ ಮೊದಲೇ ಹೊರಡುತ್ತಿದ್ದವರು ನದಿ ಬಿಟ್ಟರು. ಅಪಾಯ ಬಿಟ್ಟುಹೋಗಲಿಲ್ಲ.

ಹೋಗುವ ದಿನ ಅವರು ಕಚೇರಿಗೆ ಬಂದು ನೋಟುಪುಸ್ತಕದಿಂದ ಹರಿದ ಎರಡು ಹಾಳೆ ಕೊಟ್ಟರು. ತಾವು ಫೋನು ಮಾಡಿದ ಹನ್ನೊಂದು ಕಂಪನಿಗಳು, ಯಾರು ಎಷ್ಟು ವರ್ಷದ ದೋಣಿಯವರೆಗೆ ತೆಗೆದುಕೊಳ್ಳುತ್ತಾರೆ, ಡಿಡಕ್ಟಿಬಲ್ ಎಷ್ಟು, ಬರೀ ಹೊಣೆಗಾರಿಕೆಯ ವಿಮೆ ಯಾರು ಕೊಡುತ್ತಾರೆ, ಯಾವ ಯಾರ್ಡಿನಲ್ಲಿ ನೆಲಕ್ಕೆ ಬಿಗಿಯುವ ಗೂಟಗಳಿವೆ. ಮೇಷ್ಟರ ಗುಂಡಗಿನ ಅಕ್ಷರ. ಈ ಜೂನ್‌ನಲ್ಲಿ ಅದೇ ಪತ್ರವನ್ನು ನಾಲ್ಕು ಸ್ಲಿಪ್ಪುಗಳಿಗೆ ಕೊಡಬೇಕಿದೆ. ಪ್ರತಿಯೊಂದರ ಹಿಂದೆ ಆ ಎರಡು ಹಾಳೆಗಳ ನಕಲು ಸೇರಿಸಿ ಪಿನ್ನು ಹೊಡೆದಿಟ್ಟಿದ್ದೇನೆ.