ಪುಷ್ಪಕ ವಿಮಾನ ಲಾರಿ ಏರಿದ್ದು

ಪುಷ್ಪಕ ಅಂದರೆ ರಾಮಾಯಣದ್ದಲ್ಲ ಸ್ವಾಮಿ. ಬೆಂಗಳೂರಿನ ಎಚ್‌ಎಎಲ್‌ನವರು ಮಾಡಿದ ಎರಡು ಸೀಟಿನ ಪುಟ್ಟ ವಿಮಾನ. ಮೊದಲು ಹಾರಿದ್ದು 1958ರಲ್ಲಿ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಹಾರೋದು ಕಲಿತಿದ್ದು ಅದರಲ್ಲೇ. ನಾನು ಅದನ್ನ ನೋಡಿದ್ದು ಮಾತ್ರ ಆಕಾಶದಲ್ಲಲ್ಲ, ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ, ಲಾರಿ ಮೇಲೆ!

1990ರ ದಶಕದ ಮಧ್ಯ ಇರಬೇಕು. ನಮ್ಮಪ್ಪ ಟ್ರೈಲರ್ ಡ್ರೈವರ್. ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯ ಬುಲ್ಡೋಜರುಗಳನ್ನ ಊರೂರಿಗೆ ಮುಟ್ಟಿಸೋ ಕೆಲಸ. ಅವತ್ತು ಗೇಟು ಹಾಕಿತ್ತು. ಮುಂದೆ ಎರಡು ಲಾರಿ. ಒಂದರಲ್ಲಿ ವಿಮಾನದ ಮೈ, ಇನ್ನೊಂದರಲ್ಲಿ ರೆಕ್ಕೆಗಳು. ಮದ್ರಾಸ್ ಕಡೆಯಿಂದ ಬೆಂಗಳೂರಿಗೆ ರಿಪೇರಿಗೆ ಹೊರಟಿದ್ದವಂತೆ.

"ಹಾರೋದು ಯಾಕೆ ಲಾರೀಲಿ ಹೋಗ್ತಿದೆ?" ಅಂದೆ. "ಕಾಲು ಮುರಿದೋನು ನಡಕೊಂಡು ಆಸ್ಪತ್ರೆಗೆ ಹೋಗ್ತಾನೇನೋ?" ಅಂದರು ಅಪ್ಪ.

ಪುಷ್ಪಕದ ರೆಕ್ಕೆಗಳ ಅಗಲ ಸುಮಾರು 11 ಮೀಟರ್. ರಸ್ತೆ ಮೇಲೆ ಗಾಡಿಗೆ ಕಾನೂನು ಕೊಡೋದು 2.6 ಮೀಟರ್. ಹಾಗಾಗಿ ರೆಕ್ಕೆ ಬಿಚ್ಚಲೇಬೇಕು. ಆ ರೆಕ್ಕೆಗೆ ಹೊದಿಸಿರೋದು ತಗಡಲ್ಲ, ಬಟ್ಟೆ. ಹಗ್ಗ ಬಿಗಿದರೆ ಹರಿಯುತ್ತೆ. ಅದಕ್ಕೇ ಮೂಗಿನ ಅಂಚು ಕೆಳಗೆ ಮಾಡಿ, ಹಾಸಿಗೆ ಕೊಟ್ಟು ನಿಲ್ಲಿಸಿದ್ದರು. ರೈಲ್ವೆ ಗೇಟಿನ ಕರೆಂಟು ತಂತಿಗೆ ಮುಂಚೆ ಇರೋ ಅಡ್ಡ ಕಂಬಿಯ ಎತ್ತರ 4.67 ಮೀಟರ್. ಆ ಡ್ರೈವರಿಗೆ ಅದರದ್ದೇ ಭಯ. ಅಪ್ಪ ನಮ್ಮ ಟ್ರೈಲರಿನಲ್ಲಿದ್ದ ಗುರುತು ಹಾಕಿದ ಬಿದಿರುಗಳ ತಂದು ಅಳೆದರು. ಒಂದೂವರೆ ಅಡಿ ಮಿಕ್ಕಿತು.

ದಾರೀಲಿ ಅಪ್ಪ ಹೇಳಿದ್ದು ನೆನಪಿದೆ. "ಡೋಜರು ತನ್ನ ಭಾರಕ್ಕೇ ಕೂತಿರುತ್ತೆ. ಇದು ನಾನೂರು ಕೇಜಿ, ಗಾಳಿ ಬಂದ್ರೆ ಲಾರಿ ಮೇಲೇನೇ ಹಾರೋಕೆ ನೋಡುತ್ತೆ. ಹಗುರದ್ದನ್ನೇ ಹುಷಾರಾಗಿ ಕಟ್ಟಬೇಕು. ಬಿಚ್ಚೋಕೆ ಯಾರ್ ಬೇಕಾದ್ರೂ ಬರ್ತಾರೆ. ಬೋಲ್ಟು ಯಾವುದು ಎಲ್ಲಿಂದ ಬಿಚ್ಚಿದ್ದು ಅಂತ ಬರೆದಿಡೋನೇ ಕೆಲಸಗಾರ."

2022ರ ನವೆಂಬರಿನಲ್ಲಿ ಕೊಚ್ಚಿಯಿಂದ ಹೈದರಾಬಾದಿಗೆ ಹೊರಟಿದ್ದ ಹಳೇ ವಿಮಾನ ಆಂಧ್ರದ ಬಾಪಟ್ಲ ಜಿಲ್ಲೇಲಿ ಅಂಡರ್‌ಪಾಸಿಗೆ ಸಿಕ್ಕಿಕೊಂಡ ಸುದ್ದಿ ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು, "ಯಾರೂ ಬಿದಿರು ಹಿಡೀಲಿಲ್ವಾ?" 2017ರಲ್ಲಿ ನಿವೃತ್ತಿಯಾದ ನೌಕಾಪಡೆಯ ಟುಪೊಲೆವ್ ವಿಮಾನಾನ ಅರಕ್ಕೋಣದಲ್ಲಿ ಬಿಡಿಸಿ, ಲಾರಿಗಳಲ್ಲಿ ಕಾರವಾರಕ್ಕೆ ತಂದು ಮತ್ತೆ ಜೋಡಿಸಿದ್ದಾರೆ. 50 ಮೀಟರ್ ರೆಕ್ಕೆಯದ್ದು! ಅದರ ಫೋಟೋನ ಅಪ್ಪ ಬಹಳ ಹೊತ್ತು ನೋಡಿದರು.

ಇದೆಲ್ಲ ಈಗ ಯಾಕೆ ಅಂದ್ರೆ, ಹೋದ ತಿಂಗಳು ಅಪ್ಪನನ್ನ ಬೆಂಗಳೂರಿಗೆ ಕರಕೊಂಡು ಬಂದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಮ್ಮ ಬೀದಿಯ ಅರ್ಧ ಮನೆ ಖಾಲಿಯಾದರೂ ಜಗ್ಗದ ಮನುಷ್ಯ. ಈಗ ಮಂಡಿ ನೋವು, ಒಬ್ಬರೇ ಇರೋ ಹಾಗಿಲ್ಲ. ಸಾಮಾನು ಕಟ್ಟೋವಾಗ ಒಂದು ಮಾತೂ ಆಡಲಿಲ್ಲ. ಒಪ್ಪಿದ್ದಾರೆ ಅಂದುಕೊಂಡೆ.

ರಾತ್ರಿ ಇಲ್ಲಿ ಅಮ್ಮನ ಮಂಚ ಜೋಡಿಸೋಕೆ ಕೂತರೆ, ಒಂದೊಂದು ಕಾಲಿಗೂ ಒಂದೊಂದು ಬಟ್ಟೆ ಗಂಟು. ಒಳಗೆ ಬೋಲ್ಟು, ಸೀಮೆಸುಣ್ಣದಲ್ಲಿ ನಂಬರು. ಹತ್ತು ನಿಮಿಷದಲ್ಲಿ ಮಂಚ ನಿಂತಿತು. ಅಪ್ಪ ಅದರ ಮೇಲೆ ಕೂತು ಒಂದು ಸಲ ಅಲ್ಲಾಡಿಸಿ ನೋಡಿದರು.

"ಮಂಚ ಸರಿಯಾಗಿದೆ" ಅಂದರು. ಇನ್ನೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ...

ವಯಸ್ಸಾದ ಅಪ್ಪ ಅಮ್ಮನನ್ನ ಊರು ಬಿಡಿಸಿ ತಂದವರು ನಿಮ್ಮಲ್ಲೂ ಇರಬಹುದು. ಎಷ್ಟು ದಿನ ಬೇಕಾಯ್ತು, ಹೇಳ್ತೀರಾ?